ಮಿರ್ಚಿ ಮೊದಲು ಬಂದ ಸಭೆ

ನಿವೃತ್ತನಾದ ಮೇಷ್ಟ್ರಿಗೆ ಊರು ಎರಡು ಉದ್ಯೋಗ ಕಾದಿರಿಸಿರುತ್ತದೆ: ಮದುವೆಗಳಲ್ಲಿ ಹಿತವಚನ ಹೇಳುವುದು, ಜಗಳವಾಗುವ ಸಭೆಗೆ ಅಧ್ಯಕ್ಷನಾಗುವುದು. ಕಂಪ್ಲಿ ಕಡೆಯ ನಮ್ಮೂರಿನ ಕಾಲುವೆ ನೀರಿನ ಸಭೆಗೆ ನನ್ನನ್ನು ಆರಿಸಿದ್ದು ನನ್ನ ಜ್ಞಾನಕ್ಕಲ್ಲ, ನನಗೆ ಹೊಲವಿಲ್ಲ ಎಂಬ ಏಕೈಕ ಅರ್ಹತೆಗೆ. ಸೋಮವಾರ ಸೋಮವಾರ ಸಮುದಾಯ ಭವನದಲ್ಲಿ, ಮೇಜಿನ ಮೇಲೊಂದು ಗಂಟೆ ಇಟ್ಟುಕೊಂಡು, ಸುಪ್ರೀಂ ಕೋರ್ಟಿನ ಗಾಂಭೀರ್ಯದಿಂದ ಕೂರುತ್ತಿದ್ದೆ.

ನಡಾವಳಿ ಖಚಿತವಾಗಿತ್ತು. ಮೊದಲು ಕೂಗಾಟ, ಆಮೇಲೆ ಗಟ್ಟಿ ಗಂಟಲಿನವರ ಪರವಾಗಿ ತೀರ್ಮಾನ, ಕೊನೆಗೆ ಮಂಡಕ್ಕಿ-ಮಿರ್ಚಿ.

ಕಾಲುವೆಯ ಕಟ್ಟಕಡೆಯಲ್ಲಿ ಎರಡೆಕರೆ ಭತ್ತ ಮಾಡಿದ್ದ ಹೆಣ್ಣುಮಗಳೊಬ್ಬಳ ಗದ್ದೆಗೆ ನೀರು ಮುಟ್ಟುತ್ತಿರಲಿಲ್ಲ. ತೆನೆ ಹಾಲು ಹಿಡಿಯುವ ಹೊತ್ತು. ಈಗ ನೀರು ಹಾಯದಿದ್ದರೆ ಉಳಿಯುವುದು ಜೊಳ್ಳು. ಒಂದು ಸೋಮವಾರ ಆಕೆ ಎದ್ದು ಬಾಯಿ ತೆರೆದಿದ್ದಳಷ್ಟೆ.

"ಸುಳ್ಳು ಹೇಳಬ್ಯಾಡ, ಕುಂದ್ರಬೇ! ಮೊನ್ನೆನ ನೀರು ಬಿಟ್ಟೀವಿ," ಎಂದ ಕಾಲುವೆಯ ಮೇಲ್ಭಾಗದ ದೊಡ್ಡ ರೈತ. ಸಭೆ ನಕ್ಕಿತು. ನಾನು ಗಂಟೆ ಬಾರಿಸಿದೆ. ಆಕೆ ಕೂತಳು.

ಮುಂದಿನ ಸೋಮವಾರ ಮಿರ್ಚಿಯವನು ಸಭೆ ಶುರುವಾಗುವ ಮುಂಚೆಯೇ ಬುಟ್ಟಿ ತಂದಿಳಿಸಿದ. "ಹೊಸಪೇಟ್ಯಾಗ ಮದುವಿ ಆರ್ಡರ್ ಐತ್ರಿ. ಈಗ ತಿಂತೀರೋ, ಒಯ್ಲೋ?"

ತತ್ತ್ವಕ್ಕಿಂತ ಬಿಸಿ ಮಿರ್ಚಿ ದೊಡ್ಡದೆಂದು ಸಭೆ ಅವಿರೋಧವಾಗಿ ಅಂಗೀಕರಿಸಿತು. ಬಾಯಿ ತುಂಬ ಮಿರ್ಚಿ ಇದ್ದವನು ಕೂಗಲಾರ. ಆ ಅಪೂರ್ವ ಮೌನದಲ್ಲಿ ಆಕೆ ಎದ್ದು ನಿಂತಳು.

"ನೀವು ನೀರು ಬಿಟ್ಟಿದ್ದು ಖರೇನರೀ ಅಣ್ಣಾರ. ನಾ ಕಾಲುವಿಗುಂಟ ನಡದು ನೋಡೀನಿ. ನಿಮ್ಮ ಬಾಳಿ ತ್ವಾಟದ ಕೆಳಗ ದಂಡಿ ಒಡದು ಎಲ್ಲಾ ಹಳ್ಳಕ್ಕ ಹೊಂಟೈತಿ. ನೀವು ಬಿಟ್ಟ ನೀರು ನಿಮಗೂ ಇಲ್ಲ, ನನಗೂ ಇಲ್ಲ."

ದೊಡ್ಡ ರೈತ ಅವಸರದಲ್ಲಿ ನುಂಗಿದ. "ಹೋದ ವಾರನ ಹೇಳಬೇಕಿತ್ತಲ್ಲವ್ವಾ!"

"ಹೇಳಾಕಂತನ ಎದ್ದಿದ್ದೆ. ಮಾಸ್ತರು ಗಂಟಿ ಹೊಡದ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ವರ್ಷ ಬಾರಿಸಿದ ಆ ಗಂಟೆಗೆ ಕೂಗುವವರಾರೂ ಸೊಪ್ಪು ಹಾಕಿರಲಿಲ್ಲ; ಮೆಲ್ಲಗೆ ಮಾತಾಡುವವಳು ಮಾತ್ರ ಮರ್ಯಾದೆ ಕೊಟ್ಟು ಕೂತಿದ್ದಳು. ಸಭ್ಯತೆ ಕಾಪಾಡಲೆಂದು ಕೂತು, ಇದ್ದೊಬ್ಬ ಸಭ್ಯಸ್ಥೆಯ ಬಾಯಿ ಮುಚ್ಚಿಸಿದ ಕೀರ್ತಿ ನನ್ನದಾಗಿತ್ತು.

ದೊಡ್ಡ ರೈತ ಕೈಯನ್ನು ಲುಂಗಿಗೆ ಒರೆಸಿಕೊಂಡ. "ತಪ್ಪಾತವ್ವಾ. ಸುಳ್ಳು ಅಂದುಬಿಟ್ಟೆ." ಅವನ ಬಾಯಿಂದ ಇಂಥ ಮಾತು ತಾನು ಹುಟ್ಟಿದ ಮೇಲೆ ಕೇಳಿಲ್ಲವೆಂದು ಅವನ ತಮ್ಮನೇ ಆಮೇಲೆ ಸಾಕ್ಷಿ ನುಡಿದ. ಅಂದೇ ಮಧ್ಯಾಹ್ನ ಹತ್ತು ಮಂದಿ ಮರಳಿನ ಚೀಲ ಹೊತ್ತುಹೋಗಿ ದಂಡೆ ಕಟ್ಟಿದರು. ಮೂರನೆಯ ದಿನ ನೀರು ಆಕೆಯ ಗದ್ದೆ ಮುಟ್ಟಿತು.

ಕೊಯ್ಲಿಗೆ ಮುಂಚೆ ನೋಡಿಬರಲು ಹೋದೆ. ಕ್ಷಮಾಪಣೆಯ ಭಾಷಣವೊಂದನ್ನು ದಾರಿಯುದ್ದಕ್ಕೂ ತಿದ್ದುತ್ತ ಹೋಗಿದ್ದೆ.

"ಬರ್ರಿ ಮಾಸ್ತರ, ಬಿಸಲಾಗ ಬಂದೀರಿ, ಕುಂದ್ರಿ," ಎಂದಳು. ಕೈಗೆಟುಕಿದ ತೆನೆಯೊಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿ ನನ್ನ ಮುಂದೆ ಹಿಡಿದಳು. ಅರ್ಧ ಕಾಳು, ಅರ್ಧ ಜೊಳ್ಳು.

"ಎಂಟು ದಿನ ಮೊದಲ ನೀರು ಬಂದಿದ್ರ ಎಲ್ಲಾ ಗಟ್ಟಿ ಕಾಳಾಗ್ತಿತ್ರಿ," ಎಂದಳು, ದನಿ ಏರಿಸದೆ.

ಭಾಷಣ ಬಿಟ್ಟು, ಆ ಕಾಳು-ಜೊಳ್ಳನ್ನು ನನ್ನ ಅಂಗೈಗೆ ಹಾಕಿಸಿಕೊಂಡೆ. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.