ಬರೆದವರ ಹಿಂದೆ ಬಂದ ಪತ್ರ

“ಪೋಸ್ಟ್!” ಎಂದು ಅಂಚೆಯವನು ಕೂಗಿ ಇನ್‌ಲ್ಯಾಂಡ್ ಲೆಟರ್ ಕೊಟ್ಟಾಗ, ಅದನ್ನು ಬರೆದವರೇ ನಮ್ಮ ಯಲಹಂಕದ ಮನೆಯ ನಡುಮನೆಯಲ್ಲಿ ನನ್ನೆದುರು ಕುಳಿತಿದ್ದರು. ನಾಗಪುರದಲ್ಲಿ ಕೆಲಸದಲ್ಲಿದ್ದ ಅವರಿಗೂ ನನಗೂ ನಿಶ್ಚಿತಾರ್ಥವಾಗಿ ಎಂಟು ತಿಂಗಳಾಗಿತ್ತು. ಕಾಗದದ ಮಡಿಕೆಯಲ್ಲೂ ಜಾಗ ಬಿಡದೆ ಬರೆದುಕೊಳ್ಳುತ್ತಿದ್ದ ನಾವು, ಅಂದು ಅರ್ಧ ಗಂಟೆಯಾದರೂ “ಟ್ರೇನ್ ರಶ್ ಇತ್ತಾ?”, “ಹೂಂ, ಸ್ವಲ್ಪ” ಎನ್ನುವುದನ್ನು ದಾಟಿರಲಿಲ್ಲ. ಸುಮ್ಮನೆ ಕುಳಿತವರನ್ನು ನೋಡಲಾಗದೆ ಅಮ್ಮ ಅವರ ಲೋಟಕ್ಕೆ ಮೂರನೇ ಸಲ ಕಾಫಿ ಬಗ್ಗಿಸಿದಳು.

ಏನೂ ತೋಚದೆ ನಾನು ಪತ್ರ ಒಡೆದೆ. ಊರಿಂದ ಹೊರಡುವ ಮುನ್ನ ಅವರು ಹಾಕಿದ್ದ ಕಾಗದ, ಅವರಿಗಿಂತ ಹಿಂದೆ ಬಿದ್ದಿತ್ತು. ‘ಎದುರಿಗೆ ಬಂದರೆ ನನಗೆ ಬಾಯಿ ಕಟ್ಟಿಹೋಗುತ್ತದೆ, ನೀವೇ ಮಾತು ಶುರು ಮಾಡಿ. ಇನ್ನೊಂದು ವಿಷಯ, ನನಗೆ ಕಾಫಿ ಸೇರುವುದಿಲ್ಲ. ನಿಮ್ಮ ತಾಯಿಯವರಿಗೆ ಬೇಸರವಾಗದ ಹಾಗೆ ತಿಳಿಸಿ.’

ತಲೆಯೆತ್ತಿದರೆ, ಅವರು ಕಣ್ಣು ಮುಚ್ಚಿಕೊಂಡು ಮೂರನೇ ಲೋಟ ಮುಗಿಸುತ್ತಿದ್ದರು.

“ಕಾಫಿ ಸೇರಲ್ಲ ಅಂತ ಹೇಳ್ಬಾರ್ದೇನ್ರೀ?” ಎಂದೆ, ನಗು ತಡೆಯಲಾಗದೆ.

“ಬರ್ದಿದ್ನಲ್ಲ!” ಎಂದರು, ಪಾಪ, ಗಂಭೀರವಾಗಿಯೇ. ಆಮೇಲೆ ಅವರೂ ನಕ್ಕರು. ಊಟಕ್ಕೆ ಏಳಿ ಎಂದು ಅಮ್ಮ ಎಷ್ಟು ಸಲ ಕರೆದಳೋ, ಇಬ್ಬರಿಗೂ ಕೇಳಿಸಲಿಲ್ಲ.

ಮದುವೆಯಾಗಿ ನಲವತ್ತು ವರ್ಷ ದಾಟಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಈಗಲೂ ಚೀಟಿಯಲ್ಲಿ ಬರೆದು ಕಾಫಿಪುಡಿಯ ಡಬ್ಬದಲ್ಲಿ ಇಡುತ್ತಾರೆ. ನಮ್ಮ ಮನೆಯಲ್ಲಿ ಆ ಡಬ್ಬ ತೆಗೆಯುವವಳು ನಾನೊಬ್ಬಳೇ.