ಅಕ್ಕ ಮಿಂದರೆ ತಂಪು

ಹೆಮ್ಮಾಡಿಯ ಹೆದ್ದಾರಿ ಪಕ್ಕದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಫ್ಯಾನ್ ಹಾಕಿದರೆ ತುಂಡು ಬಟ್ಟೆಗಳೆಲ್ಲ ಹಾರುತ್ತವೆ, ಹಾಕದಿದ್ದರೆ ಬೆವರು ಯಾರದೋ ರವಿಕೆಗೆ ಇಳಿಯುತ್ತದೆ. ಮದುವೆಯಾಗದ ನಾನು ಹೀಗೇ ಬೆವರಿಕೊಂಡು ಇಷ್ಟು ವರ್ಷ ಕಳೆದೆ. ಗಂಡ ತೀರಿಕೊಂಡ ಮೇಲೆ ಅಕ್ಕ ಮುಂಬೈ ಬಿಟ್ಟು ನನ್ನ ಜೊತೆ ಇರಲು ಬಂದಳು.

ಅವಳಿಗೆ ಬಿಸಿನೀರಿನ ಹುಚ್ಚು. ಮುಂಬೈಯ ಒಂದೇ ಕೋಣೆಯ ಖೋಲಿಯಲ್ಲಿ ಅರ್ಧ ಬಕೆಟ್ ನೀರಿನಲ್ಲಿ ಮಿಂದು ಮಿಂದು ಸಾಕಾಗಿತ್ತಂತೆ. ಇಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ, ಅದೂ ಮೈ ಕೆಂಪಾಗುವಷ್ಟು ಬಿಸಿ. ನಾನೋ ತಣ್ಣೀರಿನವಳು. ನೀರು ಕಾಯಿಸುವ ಕರೆಂಟಿನ ವಿಷಯಕ್ಕೆ ನಮ್ಮದು ಎಣ್ಣೆ ಸೀಗೆಕಾಯಿ. ಕೊನೆಗೆ ಅವಳೇ ಕುಂದಾಪುರದಿಂದ ಹೀಟ್ ಪಂಪ್ ತರಿಸಿದಳು. ಅದು ಗಾಳಿಯಲ್ಲಿರುವ ಸೆಕೆಯನ್ನು ಎಳೆದು ಟ್ಯಾಂಕಿನ ನೀರಿಗೆ ಕೊಡುತ್ತದೆ, ಕರೆಂಟು ಸ್ವಲ್ಪ ಸಾಕು. ಸೆಕೆ ಕಳೆದುಕೊಂಡ ಗಾಳಿ ತಣ್ಣಗಾಗಿ ಹೊರಗೆ ಬರುತ್ತದೆ. ಆ ತಂಪು ಹಿತ್ತಿಲಿಗೆ ಯಾಕೆ ಎಂದು ಅಕ್ಕ ದಪ್ಪದೊಂದು ಪೈಪು ಹಾಕಿಸಿ ಅದನ್ನು ನನ್ನ ಅಂಗಡಿಗೆ ತಿರುಗಿಸಿದಳು.

ಒಂದೇ ತಾಪತ್ರಯ. ಟ್ಯಾಂಕಿನ ನೀರು ಕಾದ ಮೇಲೆ ಯಂತ್ರ ತಾನಾಗಿ ನಿಲ್ಲುತ್ತದೆ. ಬಿಸಿನೀರು ಖರ್ಚಾದರೆ ಮಾತ್ರ ಮತ್ತೆ ಓಡುತ್ತದೆ. ಅಂದರೆ, ಅಕ್ಕ ಮಿಂದರೆ ನನಗೆ ತಂಪು. ಹೋದ ಬೇಸಿಗೆಯಲ್ಲಿ ಅವಳು ನಡು ಮಧ್ಯಾಹ್ನವೂ ಬಚ್ಚಲಿಗೆ ಹೊರಟಳು.

"ಮತ್ತ್ ಮೀವುಕ್ ಹೊರಟ್ಯಾ? ನಿಂಗ್ ಮರುಳಾ?" ಅಂದೆ.

"ನೀ ಬೆವರುದ್ ಕಾಂಬುಕ್ ಆತಿಲ್ಲ ಹೆಣೆ. ಸುಮ್ನೆ ಹೊಲಿ" ಎಂದು ಬಾಗಿಲು ಹಾಕಿಕೊಂಡಳು.

ಈ ವರ್ಷ ಮಗಳ ಬಾಣಂತನಕ್ಕೆಂದು ಅಕ್ಕ ಮುಂಬೈಗೆ ಹೋದಳು. ಮಗುವಿಗೆ ಹೆಸರಿಟ್ಟದ್ದಾಯಿತು, ಅದು ಕವುಚಿ ಬಿದ್ದದ್ದೂ ಆಯಿತು. ಅಕ್ಕ ಬರುವ ಮಾತೆತ್ತಲಿಲ್ಲ. ಮೊಮ್ಮಗುವಿನ ಎದುರು ತಂಗಿ ಯಾವ ಲೆಕ್ಕ ಎಂದು ಸಿಟ್ಟು ಬಂತು. ಬಾ ಎಂದು ಕರೆಯಲು ಮಾತ್ರ ಬಾಯಿ ಬರಲಿಲ್ಲ.

ಅಂಗಡಿ ಮತ್ತೆ ಒಲೆಯಾಯಿತು. ರವಿಕೆ ಹೊಲಿಸಲು ಬಂದ ಪಕ್ಕದ ಮನೆಯವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಹ್ವಾಯ್, ತಂಪ್ ಗಾಳಿ ಬತ್ತಿಲ್ಲ ಅಲ್ದಾ? ಮಿಷನ್ ಹಾಳಾಯ್ತಾ?" ಎಂದು ಕೇಳಿದಳು. ಮಿಷನ್ ಸರಿ ಇದೆ, ಅಕ್ಕ ಊರಲ್ಲಿಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ನಾನೇ ಬಿಸಿನೀರಿನಲ್ಲಿ ಮೀಯಲು ನೋಡಿದೆ. ಎರಡು ತಂಬಿಗೆಗೆ ತಲೆ ಸುತ್ತಿತು. ಒಂದು ಮಧ್ಯಾಹ್ನ ನಲ್ಲಿ ತಿರುಗಿಸಿ ಬಿಸಿನೀರನ್ನು ಸುಮ್ಮನೆ ಹರಿಯಬಿಟ್ಟೆ. ಬಾವಿಯ ತಳ ಕಾಣುವ ಕಾಲ, ನೀರು ಚೆಲ್ಲಲು ಜೀವ ಒಪ್ಪಲಿಲ್ಲ, ನಿಲ್ಲಿಸಿದೆ. ಒಬ್ಬಳೇ ಉಣ್ಣುವುದು ನನಗೆ ಹೊಸತಲ್ಲ. ಆದರೆ ಆ ಪೈಪಿನ ಬಾಯಿ ಕಂಡಾಗಲೆಲ್ಲ ಮನೆಯಲ್ಲಿ ಇನ್ನೊಬ್ಬರಿಲ್ಲ ಎಂಬುದು ಮನಸ್ಸಿಗೆ ನಾಟುತ್ತಿತ್ತು.

ಮೊನ್ನೆ ಅಕ್ಕ ಫೋನ್ ಮಾಡಿದಳು. ಹಿಂದೆ ಮಗು ಅಳುತ್ತಿತ್ತು.

"ಹ್ಯಾಂಗಿದ್ದೆ? ಅಲ್ಲ್ ಸೆಕೆ ಜೋರಾ?"

ಬೆವರಿಗೆ ಫೋನು ಕೆನ್ನೆಯಿಂದ ಜಾರುತ್ತಿತ್ತು. ಒಬ್ಬಳೇ ಇದ್ದು ಸೊರಗಿದ್ದೇನೆ ಎಂದು ಅವಳಿಗೆ ಅನಿಸಬಾರದು.

"ಎಂತ ಸೆಕೆಯೂ ಇಲ್ಲ. ಅಂಗ್ಡಿ ಒಳ್ಗ್ ಲಾಯ್ಕ್ ತಂಪಿತ್ತ್" ಅಂದೆ.

ಅಕ್ಕ ಮೆಲ್ಲಗೆ ಕೇಳಿದಳು.

"ಹಂಗಾರೆ ಮಿಂದದ್ ಯಾರ್?"

ಏನಾದರೊಂದು ಸುಳ್ಳು ಹುಡುಕಿದೆ. ಕಣ್ಣು ಆ ಪೈಪಿನ ಬಾಯಿಗೆ ಹೋಯಿತು.

"ಯಾರೂ ಇಲ್ಲ. ನೀ ಬಾ ಅಕ್ಕ" ಅಂದೆ.