ಪೊಳ್ಳು ಫರ್ಸಿಯ ಅಂಗಳ

ಮರದ ನೆಲಕ್ಕೆ ಹೊಸದಾಗಿ ಹಚ್ಚಿದ ವಾರ್ನಿಶಿನ ವಾಸನೆಗೆ ಹೊಟ್ಟೆಕಿಚ್ಚು ಹುಟ್ಟಿಸುವ ಗುಣವಿದೆಯೆಂದು ನನಗೆ ಹೋದ ತಿಂಗಳು ಗೊತ್ತಾಯಿತು. ಶಹಾಬಾದಿನ ನಮ್ಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲಿಗೆಂದೇ ಛಾವಣಿ ಹಾಕಿದ ಅಂಗಳ ಕಟ್ಟಿ, ಹಳೆಯ ಆಟಗಾರರನ್ನೆಲ್ಲ ಕರೆದಿದ್ದರು. ಮಡಚುವ ಕುರ್ಚಿ, ಗಾಜಿನ ಬೋರ್ಡು, ಬಿದ್ದರೂ ಮೊಣಕಾಲು ತರಚದ ನೆಲ. ಹುಡುಗರು ಬೇಕೆಂದೇ ಬಿದ್ದು ಜಾರುತ್ತಿದ್ದರು. ನಿಮ್ಮ ಮುಂದೆ ಮುಚ್ಚುಮರೆ ಏಕೆ, ನನಗೆ ಸಹಿಸಲಾಗಲಿಲ್ಲ.

ನಮ್ಮ ಕಾಲದ ಅಂಗಳವನ್ನು ನೀವು ನೋಡಬೇಕಿತ್ತು. ಈ ಊರಿನಲ್ಲಿ ನೆಲಕ್ಕೂ ಫರ್ಸಿ ಕಲ್ಲು, ಮಾಳಿಗೆಗೂ ಫರ್ಸಿ ಕಲ್ಲು, ದನದ ಗೋದಲಿಗೂ ಅದೇ. ಬಾಸ್ಕೆಟ್‌ಬಾಲಿಗೆ ಬೇರೆ ಏನಾದರೂ ಹಾಸಬಹುದೆಂದು ಪ್ರಾಂಶುಪಾಲರಿಗೂ ಹೊಳೆಯಲಿಲ್ಲ. ಭಂಕೂರಿನ ಗೌಂಡಿ ಮಕ್ಬೂಲ ಚಾಚಾ ಬಂದು ಹಾಸಿದರು. ಬೇಸಿಗೆಯಲ್ಲಿ ಅದು ಕಾದ ಹಂಚು, ಮಳೆ ಬಂದರೆ ಸಾಬೂನು. ಖಣಿಯವರಿಗೆ ಬೇಡವಾದ ದಪ್ಪ ಕಲ್ಲುಗಳನ್ನು ಮೂರು ಸಾಲು ಪೇರಿಸಿದ್ದೇ ಗ್ಯಾಲರಿ.

ಆ ನೆಲಕ್ಕೊಂದು ಗುಟ್ಟಿತ್ತು. ಮೂಲೆಯ ಒಂದು ಫರ್ಸಿಯ ಕೆಳಗೆ ಗಚ್ಚು ತುಂಬದೆ ಪೊಳ್ಳಾಗಿತ್ತು. ಅದರ ಮೇಲೆ ಬಿದ್ದ ಚೆಂಡು ಮೊಣಕಾಲಿನೆತ್ತರಕ್ಕೂ ಏಳುತ್ತಿರಲಿಲ್ಲ. ಬರಿಗಾಲಲ್ಲಿ ಅದನ್ನು ಪತ್ತೆ ಹಚ್ಚಿದವನು ಚಾಚಾ ಅವರ ಮಗ, ನನ್ನ ಸಹಪಾಠಿ ರಫೀಕ. ಎದುರಾಳಿಯನ್ನು ನಯವಾಗಿ ಆ ಮೂಲೆಗೆ ಅಟ್ಟುವನು, ಚೆಂಡು ಸತ್ತು ಬೀಳುವುದು, ಎತ್ತಿಕೊಂಡು ಓಡುವನು. “ಅಬ್ಬಾಗ ಹೇಳಬ್ಯಾಡ್ರಪಾ, ಗೊತ್ತಾದ್ರ ಈಗಿಂದೀಗ ಬಂದು ಕಿತ್ತು ಕುಂದ್ರಸ್ತಾನ” ಎಂದು ನಮ್ಮಿಂದ ಆಣೆ ಹಾಕಿಸಿಕೊಂಡಿದ್ದ. ಹೀಗೆ ಅವನು ನಾಯಕನಾದ. ಕಲಬುರಗಿಯಿಂದ ಬೂಟು ತರಿಸಿಕೊಂಡಿದ್ದ ನಾನು ಐವರ ತಂಡಕ್ಕೆ ಆರನೆಯವನಾಗಿ ಟವೆಲು ಹಿಡಿದು ಕುಳಿತೆ. “ಹೊಟ್ಟಿಕಿಚ್ಚಿಗಿ ಕಟಗಿ ಹಾಕೂದು ಬ್ಯಾಡ, ತಾನ ಉರಿತದ” ಎನ್ನುತ್ತಿದ್ದಳು ನಮ್ಮಜ್ಜಿ. ನನ್ನನ್ನು ನೋಡಿಯೇ ಹೇಳಿದಳೋ ಏನೋ.

ಪಕ್ಕದ ಊರು ವಾಡಿಯ ತಂಡ ಆಡಲು ಬಂದ ದಿನ, ನೀರು ಕೊಡುವ ನೆಪದಲ್ಲಿ ಅವರ ನಾಯಕನ ಕಿವಿಗೆ ಹಾಕಿಬಿಟ್ಟೆ: “ಆ ಮೂಲ್ಯಾಗಿನ ಫರ್ಸಿ ಪೊಳ್ಳ ಅದ. ಆ ಕಡಿ ಹೋಗಬ್ಯಾಡ.” ಅವರು ಹೋಗಲಿಲ್ಲ, ನಾವು ಸೋತೆವು. ರಫೀಕ ಸೋತರೆ ಮುಂದಿನ ಪಂದ್ಯಕ್ಕೆ ಅವನ ಜಾಗದಲ್ಲಿ ನಾನು ಎಂದುಕೊಂಡಿದ್ದೆ. ಆದರೆ ಗೆದ್ದವರು ಸುಮ್ಮನೆ ಹೋಗಬೇಕಲ್ಲ. “ಶಹಾಬಾದನ್ಯಾಗ ಫರ್ಸಿ ಕುಂದ್ರಸೋರು ಸತ್ತಾರೇನಪಾ? ಪೊಳ್ಳ ಕಲ್ಲ ಹಾಕ್ಯಾರ” ಎಂದು ಗ್ಯಾಲರಿಯೆದುರು ನಿಂತು ನಕ್ಕರು. ಗ್ಯಾಲರಿಯಲ್ಲಿ ಚಾಚಾ ಕುಳಿತಿದ್ದರು.

ಮರುದಿನ ಬೆಳಗ್ಗೆ ಅವರೊಬ್ಬರೇ ಬಂದು ಆ ಕಲ್ಲು ಎಬ್ಬಿಸಿ, ಗಚ್ಚು ತುಂಬಿ ಕೂರಿಸಿದರು. ಬಳಿಕ ಸುತ್ತಿಗೆಯ ಹಿಡಿಯಿಂದ ಇಡೀ ಅಂಗಳವನ್ನು ಒಂದೊಂದೇ ಕಲ್ಲು ಬಡಿಯುತ್ತ ಆಲಿಸಿದರು. ರಫೀಕ ಮಾತ್ರ ನಾಯಕನಾಗಿಯೇ ಉಳಿದ. ಪೊಳ್ಳು ಫರ್ಸಿ ಇಲ್ಲದೆಯೂ ಗೆದ್ದ. ಅದು ನನ್ನನ್ನು ಇನ್ನೂ ಸುಟ್ಟಿತು.

ಹೋದ ತಿಂಗಳು ಹೊಸ ಅಂಗಳದಲ್ಲಿ ಮೊದಲ ಚೆಂಡು ಹಾಕಲು ಕರೆದದ್ದೂ ಅವನನ್ನೇ. ಹಾಕಿ ಬಂದು ನನ್ನ ಪಕ್ಕ ಕುಳಿತ. ಏನಾಯಿತೋ, ಅಂದುಬಿಟ್ಟೆ: “ವಾಡಿಯವರಿಗಿ ಹೇಳಿದಾಂವ ನಾನ ಇದ್ದೆ.”

ಅವನು ಮುಂದಿನ ಸಾಲಿನತ್ತ ಕೈ ಮಾಡಿದ. “ಪೊಳ್ಳ ಗುರ್ತ ಹಿಡಿಯೂದು ನಂಗೊಬ್ಬಗ ಬರ್ತದಂತ, ವಾಡಿಯವರಿಗಿ ನಾನ ಹೇಳೀನಿ ಅಂತ ಅಬ್ಬಾ ಇವತ್ತಿಗೂ ತಿಳ್ಕೊಂಡಾನ. ಅಲ್ಲಿ ಮುಂದಿನ ಸಾಲಿನ್ಯಾಗ ಕುಂತಾನ ನೋಡು. ನನ್ನ ಬಾಜು ಕುಂದ್ರಂಗಿಲ್ಲ. ನನ್ನ ಮುಂದ ಹೇಳಿ ಏನ್ ಮಾಡ್ತಿ?”

ಎದ್ದು ಹೋದೆ. “ಬಾ, ಕುಂದ್ರು” ಎಂದು ಚಾಚಾ ಪಕ್ಕದ ಕುರ್ಚಿ ತೋರಿಸಿದರು. ಕೂರಲಿಲ್ಲ, ನಿಂತೇ ಹೇಳಿದೆ. ಅವರು ಹಿಂದಕ್ಕೆ ತಿರುಗಿ, ಸಾಲುಗಳಲ್ಲಿ ಮಗನನ್ನು ಹುಡುಕಿ, ಆ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟು ಕರೆದರು: “ರಫೀಕ, ಇಲ್ಲಿ ಬಾ.”

ಅವನು ಬಂದು ಕುಳಿತ. ಅವನ ಜಾಗ ನನಗೆ ಬೇಕೆನಿಸದೆ ಇದ್ದದ್ದು ಅದೇ ಮೊದಲು. ಗೋಡೆಗೆ ಒರಗಿ ನಿಂತು, ಅಪ್ಪ ಮಗ ಒಟ್ಟಿಗೆ ಆಟ ನೋಡುವುದನ್ನು ನೋಡಿದೆ.